ಧ್ವನಿಮುದ್ರಿಕೆಯ ಅಂಗಡಿ: ಕಡೆಗಣಿಸಲ್ಪಟ್ಟ ಒಂದು ಚರಿತ್ರಾಕರ

ಕನ್ನಡ ನಾಡಿನ ಚರಿತ್ರೆಯನ್ನು ಬರೆಯಹೊರಟವರು ಆಕರಗಳನ್ನು ಹೆಸರಿಸುವಾಗ ಶಾಸನ, ನಾಣ್ಯ, ಕಡತ, ಕೈಫಿಯತ್ತು, ಪರದೇಶೀಯರ ಪ್ರವಾಸಕಥನ, ಸರ್ಕಾರದ ದಫ್ತರ ಇವುಗಳನ್ನು ಹೇಳುವುದು ವಾಡಿಕೆ. ಇಪ್ಪತ್ತನೆಯ ಶತಮಾನಕ್ಕೆ ಬಂದಾಗ ಪತ್ರಿಕೆಗಳೂ ಛಾಯಾಚಿತ್ರಗಳೂ ಆ ಪಟ್ಟಿಗೆ ಸೇರುತ್ತವೆ. ಧ್ವನಿಯನ್ನು ಸೇರಿಸುವವರು ವಿರಳ. ಧ್ವನಿಯನ್ನು ಹೊತ್ತ ತಟ್ಟೆಗಳು ಯಾವ ಅಂಗಡಿಯಿಂದ ಯಾವ ಮನೆಗೆ ಹೋದುವು, ಇಂದು ಎಲ್ಲಿವೆ ಎಂದು ವಿಚಾರಿಸುವವರು ಇನ್ನೂ ವಿರಳ. ಗಣಕಯಂತ್ರವೂ ಅಂತರಜಾಲವೂ ಹಾಡನ್ನು ಬೆರಳ ತುದಿಗೆ ತಂದುಕೊಟ್ಟಿರುವ ಈ ಕಾಲದಲ್ಲಿ ಹಳೆಯ ತಟ್ಟೆಗಳನ್ನು ಇನ್ನೂ ಮಾರುತ್ತಿರುವ ಕೆಲವು ಅಂಗಡಿಗಳು ಉಳಿದಿವೆ. ಅಂಥದೊಂದು ಅಂಗಡಿಗೆ ನಾವು ಹೋಗಿದ್ದೆವು. ಅಲ್ಲಿ ಕಂಡುದು ಬರಿಯ ವ್ಯಾಪಾರದ ವಿಷಯವಲ್ಲವೆಂದು ತೋರಿದುದರಿಂದ ಈ ಲೇಖನವನ್ನು ಬರೆದಿದ್ದೇವೆ.

ಮೊದಲು ಪದದ ಮಾತು. ವಿದ್ವಾಂಸರು ಇದನ್ನು ಧ್ವನಿಮುದ್ರಿಕೆ ಎಂದರು. ಜನರು ಪ್ಲೇಟು ಎಂದರು, ಕೆಲವೆಡೆ ತಟ್ಟೆ ಎಂದರು. ಧ್ವನಿಮುದ್ರಿಕೆ ಎಂಬುದು ಕ್ಯಾಸೆಟ್ಟಿಗೂ ಒಪ್ಪುವ ಮಾತಾದುದರಿಂದ ದುಂಡನೆಯ ಹಳೆಯ ವಸ್ತುವನ್ನು ಹೇಳುವಾಗ ನಾವು ತಟ್ಟೆ ಎಂದೇ ಬರೆಯುತ್ತೇವೆ.

ಎಡಿಸನ್ನನು ತನ್ನ ಯಂತ್ರವನ್ನು ರಚಿಸಿದುದು 1877ರಲ್ಲಿ; ಬರ್ಲಿನರನು ಚಪ್ಪಟೆಯ ತಟ್ಟೆಯ ಗ್ರಾಮಫೋನಿಗೆ ಹಕ್ಕುಪತ್ರ ಪಡೆದುದು 1887ರಲ್ಲಿ. ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗನು ಕಲ್ಕತ್ತೆಗೆ ಬಂದು ಗಾಯಕ ಗಾಯಕಿಯರ ಧ್ವನಿಯನ್ನು ಹಿಡಿದುದು 1902ರ ನವೆಂಬರಿನಲ್ಲಿ. ಆಗ ಹಾಡಿದವರಲ್ಲಿ ಪ್ರಸಿದ್ಧಳು ಗೌಹರ್ ಜಾನ್. ಅವಳ ಹಲವು ತಟ್ಟೆಗಳ ಕೊನೆಯಲ್ಲಿ ಅವಳೇ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವುದು ಕೇಳಿಸುತ್ತದೆ. ಇದನ್ನು ಕೇಳಿ ನಗುವವರುಂಟು. ಆದರೆ ಆ ಕೂಗಿಗೆ ಒಂದು ಉಪಯೋಗವಿದ್ದಿತು: ಅಂದು ಅಚ್ಚು ಹೊರಡುತ್ತಿದ್ದುದು ಜರ್ಮನಿಯ ಹ್ಯಾನೋವರಿಗೆ, ಅಲ್ಲಿನ ಕೆಲಸಗಾರರಿಗೆ ಯಾವ ಅಚ್ಚು ಯಾರದೆಂದು ತಿಳಿಯಬೇಕಾಗಿದ್ದಿತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಆರಂಭವಾದ ಮೇಲೆ ಈ ತೊಡಕು ಕಡಮೆಯಾಯಿತು. ಮುಂದೆ ಕಾರ್ಖಾನೆ ದಮ್‌ದಮ್‌ಗೆ ಹೋಯಿತು. ಗೌಹರ್ ಜಾನ್ ತನ್ನ ಕೊನೆಯ ದಿನಗಳನ್ನು ಕಳೆದುದು ನಮ್ಮ ನಾಡಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, ಆಸ್ಥಾನದ ಗಾಯಕಿಯಾಗಿ, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಭಾರತದ ತಟ್ಟೆಯುಗವನ್ನು ಆರಂಭಿಸಿದವರಲ್ಲಿ ಒಬ್ಬಳೆನ್ನಬಹುದಾದ ಗಾಯಕಿ ಮೈಸೂರಿನ ಮಣ್ಣು ಸೇರಿದಳೆಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

ಅಂದಿನ ತಟ್ಟೆಗೆ ಮುಖ್ಯ ದ್ರವ್ಯ ಅರಗು. ಪಾಂಡವರನ್ನು ಸುಡಲು ಕಟ್ಟಿದ ಮನೆಗೆ ಬಳಸಿದ ಅದೇ ಅರಗು. ಇದು ಛೋಟಾ ನಾಗಪುರದ ಕಾಡುಗಳ ಮರದ ಕೊಂಬೆಗಳ ಮೇಲೆ ಕೀಟಗಳಿಂದ ಉತ್ಪನ್ನವಾಗಿ, ಇಡೀ ಲೋಕದ ತಟ್ಟೆಗಳಿಗೆ ಭಾರತದಿಂದ ಹೋಗುತ್ತಿದ್ದಿತು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಂಗುಲದ ತಟ್ಟೆಯ ಒಂದು ಮುಖದಲ್ಲಿ ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹಾಡು ಹಿಡಿಯುತ್ತಿದ್ದಿತು. ಒಂದು ಗಂಟೆ ರಾಗವನ್ನು ಬೆಳಸುತ್ತಿದ್ದ ಸಂಗೀತಗಾರರು ಮೂರು ನಿಮಿಷಕ್ಕೆ ಅದನ್ನು ಅಡಕಗೊಳಿಸಬೇಕಾಯಿತು. ಇದರಿಂದ ಸಂಗೀತ ಕೆಟ್ಟಿತೆನ್ನುವವರಿದ್ದಾರೆ. ಆ ಅಡಕದಲ್ಲಿಯೇ ಒಂದು ಸೊಗಸಿದೆಯೆಂಬುದು ನಮ್ಮ ಅಭಿಪ್ರಾಯ. ಆದರೆ ಅದು ಸಂಗೀತವಿಮರ್ಶಕರ ಕ್ಷೇತ್ರ. ಇಲ್ಲಿ ನಮಗೆ ಬೇಕಾದುದು ಬೇರೆ.

ಪುಸ್ತಕವೊಂದು ಪ್ರಕಟವಾದರೆ ಅದರ ಪ್ರತಿಯನ್ನು ಸಾರ್ವಜನಿಕ ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂದು 1954ರ ಕಾಯಿದೆ ವಿಧಿಸಿತು. ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಪ್ರಕಾಶಕರು ತಮ್ಮ ಖರ್ಚಿನಿಂದಲೇ ಪ್ರತಿ ಕಳುಹಿಸಬೇಕು. 1956ರಲ್ಲಿ ವೃತ್ತಪತ್ರಿಕೆಗಳನ್ನೂ ಈ ಕಾಯಿದೆಯೊಳಗೆ ತರಲಾಯಿತು. ಧ್ವನಿಮುದ್ರಿಕೆಗಳು ಅದರೊಳಗೆ ಬರಲಿಲ್ಲ. ಫ್ರಾನ್ಸಿನಲ್ಲಿ 1938ರಲ್ಲಿಯೇ ತಟ್ಟೆಗಳನ್ನು ಶೇಖರಿಸಲು ರಾಷ್ಟ್ರೀಯ ಧ್ವನಿಸಂಗ್ರಹಾಲಯವನ್ನು ಸ್ಥಾಪಿಸಿದರು. ನಮ್ಮಲ್ಲಿ ಅಂಥ ಕಟ್ಟಳೆ ಹುಟ್ಟಲಿಲ್ಲ. ಇದರ ಪರಿಣಾಮವನ್ನು ಸ್ವಲ್ಪ ಯೋಚಿಸಿ ನೋಡಬೇಕು. 1935ರಲ್ಲಿ ಅಚ್ಚಾದ ಸಾಮಾನ್ಯವಾದ ಕನ್ನಡ ನಾಟಕದ ಪುಸ್ತಕವೊಂದನ್ನು ಹುಡುಕುವವನಿಗೆ ಯಾವುದಾದರೂ ಗ್ರಂಥಾಲಯದ ಕಪಾಟಿನಲ್ಲಿ ಆಸೆಯುಂಟು. ಅದೇ ವರ್ಷ ಹೊರಬಂದ ನಾಟಕದ ತಟ್ಟೆಗಳನ್ನು ಹುಡುಕುವವನು ಎಲ್ಲಿಗೆ ಹೋಗಬೇಕು? ಕಂಪನಿಯ ಉಗ್ರಾಣಕ್ಕೆ, ಹವ್ಯಾಸಿಗಳ ಮನೆಗೆ, ಇಲ್ಲವೆ ಹಳೆಯ ತಟ್ಟೆಗಳ ಅಂಗಡಿಗೆ. ಮೊದಲನೆಯದರ ಬಾಗಿಲು ಎಲ್ಲರಿಗೂ ತೆರೆದಿಲ್ಲ. ಎರಡನೆಯದು ಒಡೆಯನ ಕಾಲಾನಂತರ ಚೆದರಿಹೋಗುತ್ತದೆ. ಚೆದರಿದುದು ಬಂದು ಬೀಳುವುದು ಮೂರನೆಯದಕ್ಕೇ. ರಾಜ್ಯವು ಮಾಡಬೇಕಾಗಿದ್ದ ಸಂಗ್ರಹದ ಕೆಲಸವನ್ನು ಲಾಭಕ್ಕಾಗಿ ಕುಳಿತ ವ್ಯಾಪಾರಿ ತನಗರಿಯದೆಯೇ ಮಾಡಿದನೆಂದರೆ ತಪ್ಪಾಗಲಾರದು.

ಅಂಗಡಿಯ ಮಹತ್ತ್ವ ಸಂಗ್ರಹದಲ್ಲಿ ಮಾತ್ರವಿರಲಿಲ್ಲ. ಯಂತ್ರವನ್ನು ಕೊಳ್ಳಲಾರದವನಿಗೆ ಅದು ಕೇಳುವ ಸ್ಥಳವೂ ಆಗಿದ್ದಿತು. ಇದನ್ನು ಸ್ಪಷ್ಟಪಡಿಸಲು ಕನ್ನಡ ನಾಡಿನ ಇಬ್ಬರು ಶ್ರೋತೃಗಳನ್ನು ಎದುರುಬದುರು ನಿಲ್ಲಿಸಿ ನೋಡೋಣ.

ಒಬ್ಬರು ಮೈಸೂರಿನ ಜಯಚಾಮರಾಜ ಒಡೆಯರು (1919-1974). ಪಾಶ್ಚಾತ್ಯ ಸಂಗೀತದ ತಟ್ಟೆಗಳನ್ನು ಅವರು ಅಪಾರವಾಗಿ ಸಂಗ್ರಹಿಸಿದ್ದರು. ಲಂಡನ್ನಿನಲ್ಲಿ ನೆಲಸಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಡ್ನರನ ಕೃತಿಗಳು ತಟ್ಟೆಗಳಲ್ಲಿ ದೊರೆಯುತ್ತಿಲ್ಲವೆಂದು ತಿಳಿದಾಗ, ಅವರು ಬೇರೊಬ್ಬರಂತೆ ಸುಮ್ಮನಾಗಲಿಲ್ಲ. ಹಣ ಕೊಟ್ಟು ಎಚ್.ಎಂ.ವಿ. ಸಂಸ್ಥೆಯಿಂದ ಆ ಕೃತಿಗಳನ್ನು ಮುದ್ರಣ ಮಾಡಿಸಿದರು. 1940ರ ದಶಕದ ಕೊನೆಯಲ್ಲಿ ಮೆಡ್ನರ್ ಸೊಸೈಟಿಯ ಹೆಸರಿನಲ್ಲಿ ಆ ತಟ್ಟೆಗಳು ಹೊರಬಂದುವು. ಮೆಡ್ನರನು ತನ್ನ ಮೂರನೆಯ ಪಿಯಾನೊ ಕಂಚರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. ಇವರಿಗೆ ಅಂಗಡಿ ಬೇಕಾಗಿರಲಿಲ್ಲ. ತಟ್ಟೆ ಇಲ್ಲದಿದ್ದರೆ ತಟ್ಟೆಯನ್ನೇ ಹುಟ್ಟಿಸುವ ಶಕ್ತಿ ಅವರಿಗಿದ್ದಿತು.

ಇನ್ನೊಬ್ಬರು ಗದಗಿನ ಕಡೆಯ ಒಬ್ಬ ಶಾಲಾಮಾಸ್ತರರ ಮಗ. 1922ರಲ್ಲಿ ಹುಟ್ಟಿದ ಆ ಹುಡುಗನು ಅಂಗಡಿಯೊಂದರಲ್ಲಿ ಅಬ್ದುಲ್ ಕರೀಮ್ ಖಾನರ ಝಿಂಝೋಟಿ ರಾಗದ ಠುಮರಿಯ ತಟ್ಟೆಯನ್ನು ಕೇಳಿ ಮರುಳಾದನೆಂದೂ, ಹಾಗೆ ಹಾಡುವುದನ್ನು ಕಲಿಯಬೇಕೆಂಬ ಹಂಬಲವೇ 1933ರಲ್ಲಿ ಅವನನ್ನು ಮನೆಬಿಟ್ಟು ಹೊರಡಿಸಿತೆಂದೂ ಅವನ ಜೀವನಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಉತ್ತರ ದೇಶವನ್ನೆಲ್ಲ ಅಲೆದು ಬಂದ ಮೇಲೆ ಅವನು ಶಿಷ್ಯನಾದುದು ಕುಂದಗೋಳದ ಸವಾಯಿ ಗಂಧರ್ವರಲ್ಲಿ. ಅವರು ಅದೇ ಕರೀಮ್ ಖಾನರ ಶಿಷ್ಯರು. ಆ ಹುಡುಗ ಮುಂದೆ ಪಂಡಿತ ಭೀಮಸೇನ ಜೋಶಿಯವರಾದರು. ಮನೆಯಲ್ಲಿ ಗ್ರಾಮಫೋನಿಲ್ಲದ ಹುಡುಗನ ಕಿವಿಗೆ ಬೇರೊಂದು ಊರಿನ ಉಸ್ತಾದರ ಧ್ವನಿ ಮುಟ್ಟಬೇಕಾದರೆ ಬೀದಿಗೆ ಕೇಳಿಸುವಂತೆ ಹಾಡಿಸುವ ಒಂದು ಅಂಗಡಿ ಬೇಕಾಗಿದ್ದಿತು. ತಟ್ಟೆಯನ್ನು ಮಾರಬೇಕಾದರೆ ಅದನ್ನು ಹಾಡಿಸಿ ತೋರಿಸಲೇಬೇಕು. ಹಾಡಿಸಿದರೆ ಕೊಳ್ಳದವನೂ ಕೇಳುತ್ತಾನೆ. ಗುರುಕುಲದ ಬಾಗಿಲು ಮುಚ್ಚಿದ್ದವರಿಗೂ ಸಂಗೀತ ಹೀಗೆ ಸೋರಿ ಬಂದಿತು. ವ್ಯಾಪಾರದ ಈ ಒಂದು ನಿಯಮದಿಂದ ಕನ್ನಡ ನಾಡಿನ ಸಂಗೀತಚರಿತ್ರೆಗೆ ಆದ ಲಾಭವನ್ನು ಯಾರೂ ಲೆಕ್ಕ ಹಾಕಿದಂತಿಲ್ಲ.

ಇನ್ನು ಅಂಗಡಿಯೇ ಇಲ್ಲದ ಊರುಗಳ ಮಾತು. ಮೊದಲು ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದು ಈಗ ಕಳಸ ತಾಲ್ಲೂಕಿನಲ್ಲಿರುವ ಸಂಸೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯ ಮೇಲೆ, ಕಾಫಿ, ಅಡಕೆ, ಚಹದ ತೋಟಗಳ ನಡುವೆ ಇರುವ ಚಿಕ್ಕ ಊರು ಇದು. ವರ್ಷದ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ; ಒಂದು ಮನೆಯಿಂದ ಇನ್ನೊಂದು ಮನೆಗೆ ಗುಡ್ಡ, ಹಳ್ಳ, ತೋಟಗಳ ಅಂತರ. ಹಳ್ಳದ ನೀರಿನಿಂದ ತಾವೇ ವಿದ್ಯುತ್ತನ್ನು ಮಾಡಿಕೊಂಡ ಮನೆಗಳು ಈ ಸೀಮೆಯಲ್ಲಿ ಇವೆ ಎಂದರೆ ಸರ್ಕಾರದ ತಂತಿ ಎಷ್ಟು ನಿಧಾನವಾಗಿ ಬಂದಿತೆಂಬುದನ್ನು ಊಹಿಸಬಹುದು. ಇಂಥ ಕಡೆಗೆ ಒಪ್ಪುವ ವಾದ್ಯವೆಂದರೆ ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನ್ ಪೆಟ್ಟಿಗೆ. ಅದಕ್ಕೆ ವಿದ್ಯುತ್ತು ಬೇಡ. ಆದರೆ ತಟ್ಟೆ ಬೇಕು, ಮುಳ್ಳು ಬೇಕು. ಆ ಉಕ್ಕಿನ ಮುಳ್ಳನ್ನು ಒಂದೊಂದು ಮುಖಕ್ಕೂ ಬದಲಿಸಬೇಕು. ಇವೆರಡಕ್ಕೂ ಪಟ್ಟಣಕ್ಕೆ ಹೋಗಲೇಬೇಕು.

ಯಾವ ಪಟ್ಟಣಕ್ಕೆ? ನಮ್ಮ ದೃಷ್ಟಿಯಲ್ಲಿ ಇದು ಚರಿತ್ರೆಯ ಪ್ರಶ್ನೆ. ಕಳಸ ಸೀಮೆಯಿಂದ ಒಂದು ದಾರಿ ಮೂಡಿಗೆರೆ, ಚಿಕ್ಕಮಗಳೂರುಗಳ ಕಡೆಗೆ ಬಯಲುಸೀಮೆಯನ್ನು ನೋಡುತ್ತದೆ. ಇನ್ನೊಂದು ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಟ್ಟವನ್ನು ಇಳಿದು ಮಂಗಳೂರಿಗೆ ಹೋಗುತ್ತದೆ. ಕುದುರೆಮುಖದ ಕಬ್ಬಿಣದ ಅದಿರಿನ ಸಂಸ್ಥೆ 1976ರಲ್ಲಿ ಸ್ಥಾಪನೆಯಾದ ಮೇಲೆ ಕುದುರೆಮುಖದಿಂದ ಕಾರ್ಕಳದ ಕಡೆಗೆ ಇಳಿಯುವ ಘಟ್ಟದ ದಾರಿ ಬಲಗೊಂಡಿತು. ಸಂಸೆಯವರಿಗೆ ಕರಾವಳಿ ಇನ್ನೂ ಹತ್ತಿರವಾಯಿತು. ಈ ನಾಡನ್ನು ಆಳಿದ ಕಳಸ-ಕಾರ್ಕಳದ ಭೈರರಸರ ರಾಜ್ಯವೂ ಘಟ್ಟದ ಮೇಲೂ ಕೆಳಗೂ ಹಬ್ಬಿದ್ದಿತೆಂಬುದನ್ನು ಇಲ್ಲಿ ಸ್ಮರಿಸಬಹುದು. ಹಾಗಾದರೆ ಇಪ್ಪತ್ತನೆಯ ಶತಮಾನದಲ್ಲಿ ಈ ಸೀಮೆಯ ಮನೆಗಳ ಕಿವಿ ಯಾವ ಕಡೆಗೆ ತಿರುಗಿದ್ದಿತು? ಬಯಲುಸೀಮೆಯ ನಾಟಕ ಕಂಪನಿಗಳ ಹಾಡಿನ ಕಡೆಗೋ, ಕರಾವಳಿಯ ಯಕ್ಷಗಾನದ ಕಡೆಗೋ? ಇದಕ್ಕೆ ಉತ್ತರ ಕೊಡಬಲ್ಲ ದಾಖಲೆ ಒಂದೇ ಬಗೆಯದು: ತಟ್ಟೆಯ ಲಕೋಟೆಯ ಮೇಲೆ ಅಂಗಡಿಯವನು ಒತ್ತಿದ ರಬ್ಬರಿನ ಮುದ್ರೆ. ಅಂಗಡಿಯ ಹೆಸರು, ಬೀದಿ, ಊರು ಇಷ್ಟು ಅದರಲ್ಲಿರುತ್ತದೆ. ಶಾಸನದ ಕೊನೆಯಲ್ಲಿ ಬರೆದವನ ಹೆಸರನ್ನು ಹುಡುಕುವ ನಾವು ಇದನ್ನು ಓದಲು ನಾಚಬೇಕಾಗಿಲ್ಲ.

ತಟ್ಟೆಯ ಕಾಲಕ್ಕಿಂತ ಕ್ಯಾಸೆಟ್ಟಿನ ಕಾಲದಲ್ಲಿ ಮಲೆನಾಡು ಹೆಚ್ಚಾಗಿ ಕೇಳಿತು. ಫಿಲಿಪ್ಸ್ ಸಂಸ್ಥೆ ಕ್ಯಾಸೆಟ್ಟನ್ನು ಹೊರತಂದುದು 1963ರಲ್ಲಿಯಾದರೂ ನಮ್ಮ ಹಳ್ಳಿಗಳಿಗೆ ಅದು ಬಂದುದು ಎಪ್ಪತ್ತರ ದಶಕದ ಕೊನೆಗೆ, ಎಂಬತ್ತರ ದಶಕದಲ್ಲಿ. ಒಡೆಯುವುದಿಲ್ಲ, ಹಗುರ, ಬ್ಯಾಟರಿಯಿಂದ ನಡೆಯುತ್ತದೆ, ಬೆಲೆ ಕಡಮೆ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ನಿತ್ಯೋತ್ಸವ ಹೊರಬಂದು, ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ಟೆಂದು ಹೆಸರಾಯಿತು. ಕವಿತೆ ಪುಸ್ತಕದಿಂದ ಎದ್ದು ಬಸ್ಸು ನಿಲ್ದಾಣದ ಅಂಗಡಿಗೆ ಬಂದಿತು. 1987ರಲ್ಲಿ ಪ್ರೇಮಲೋಕ ಚಿತ್ರದ ಹಾಡುಗಳ ಕ್ಯಾಸೆಟ್ಟುಗಳು ಲಹರಿ ಸಂಸ್ಥೆಯಿಂದ ಬಂದು ಮಾರಾಟದಲ್ಲಿ ಹಿಂದೆಂದೂ ಕಾಣದ ಎತ್ತರ ಮುಟ್ಟಿದುವು. ಘಟ್ಟದ ಕೆಳಗೆ ಯಕ್ಷಗಾನ, ತಾಳಮದ್ದಳೆಗಳ ಕ್ಯಾಸೆಟ್ಟುಗಳ ವ್ಯಾಪಾರವೇ ಬೇರೊಂದು ಲೋಕವಾಗಿ ಬೆಳೆಯಿತು. ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ಎಳೆಯ ವಯಸ್ಸಿನಲ್ಲಿಯೇ ಅಪಘಾತದಲ್ಲಿ ತೀರಿಕೊಂಡರು. ಅವರನ್ನು ರಂಗದ ಮೇಲೆ ನೋಡದ ತಲೆಮಾರು ಇಂದು ಅವರ ಪದಗಳನ್ನು ಗುರುತಿಸುವುದು ಕ್ಯಾಸೆಟ್ಟಿನ ಕೃಪೆಯಿಂದ. ಆ ಕಾಲದ ಅಂಗಡಿಗಳಲ್ಲಿ ಇನ್ನೊಂದು ವಹಿವಾಟಿದ್ದಿತು. ಗಿರಾಕಿ ತನಗೆ ಬೇಕಾದ ಹಾಡುಗಳ ಪಟ್ಟಿಯನ್ನು ಬರೆದು ಕೊಟ್ಟರೆ ಅಂಗಡಿಯವನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತಿದ್ದನು. ಕಾನೂನಿನ ಕಣ್ಣಿಗೆ ಇದು ಕಳವು. ಚರಿತ್ರಕಾರನ ಕಣ್ಣಿಗೆ ಆ ಕೈಬರೆಹದ ಪಟ್ಟಿ ಒಂದು ರತ್ನ. ಒಬ್ಬ ಸಾಮಾನ್ಯ ಮನುಷ್ಯನ ರುಚಿ ಅದರಲ್ಲಿ ಅವನ ಕೈಯಿಂದಲೇ ದಾಖಲಾಗಿದೆ. ಮುಂದೆ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ಕೆಲಸ ಬಂದಿತು. ಅದು ಇದೇ ವೃತ್ತಿಯ ಮುಂದಿನ ರೂಪ. ಆದರೆ ಅಲ್ಲಿ ಪಟ್ಟಿ ಉಳಿಯಲಿಲ್ಲ.

ಅಂಗಡಿಗಳ ಪತನವನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗಬಹುದು. 1982ರಲ್ಲಿ ಸಿ.ಡಿ. ಬಂದಿತು, ಶತಮಾನದ ಕೊನೆಗೆ ಹಾಡು ವಸ್ತುವಿನ ಹಂಗನ್ನೇ ತೊರೆದು ಗಣಕಯಂತ್ರದ ಕಡತವಾಯಿತು. ಅಮೆರಿಕದ ಟವರ್ ರೆಕಾರ್ಡ್ಸ್ 2006ರಲ್ಲಿ ದಿವಾಳಿಯೆದ್ದಿತು. 1921ರಲ್ಲಿ ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯಲ್ಲಿ ತೆರೆದ ಎಚ್.ಎಂ.ವಿ. ಅಂಗಡಿಯ ಸಂಸ್ಥೆ 2013ರಲ್ಲಿಯೂ 2018ರಲ್ಲಿಯೂ ಮುಳುಗುವ ಸ್ಥಿತಿಗೆ ಬಂದು ಉಳಿದುಕೊಂಡಿತು. ಭಾರತದಲ್ಲಿ ಮ್ಯೂಸಿಕ್ ವರ್ಲ್ಡ್ ತನ್ನ ಕಲ್ಕತ್ತೆಯ ಹೆಸರಾಂತ ಮಳಿಗೆಯನ್ನು 2013ರಲ್ಲಿ ಮುಚ್ಚಿತು. ಮುಂಬಯಿಯ ರಿದಮ್ ಹೌಸ್ 2016ರಲ್ಲಿ ಮುಚ್ಚಿತು. ಬೆಂಗಳೂರಿನಲ್ಲಿ 1974ರಲ್ಲಿ ಗ್ರಾಮಫೋನ್ ತಟ್ಟೆಗಳ ಅಂಗಡಿಯಾಗಿ ಹುಟ್ಟಿದ ಸಂಗೀತಾ ಎಂಬ ಸಂಸ್ಥೆ ಬೇರೊಂದು ದಾರಿ ಹಿಡಿಯಿತು: ಮಾರುವ ಸರಕನ್ನು ಬದಲಿಸುತ್ತ ಬಂದು ಮೊಬೈಲ್ ದೂರವಾಣಿಗಳ ದೊಡ್ಡ ವ್ಯಾಪಾರಸಂಸ್ಥೆಯಾಯಿತು. ಹೆಸರಿನಲ್ಲಿ ಮಾತ್ರ ಸಂಗೀತ ಉಳಿದಿದೆ. ಉಳಿಯುವುದಕ್ಕೆ ಇದೂ ಒಂದು ಕ್ರಮ. ವ್ಯಾಪಾರಿಯನ್ನು ಅದಕ್ಕಾಗಿ ಯಾರೂ ಹಳಿಯಲಾರರು.

ಸರಕನ್ನು ಬದಲಿಸದೆ ಉಳಿದವೂ ಇವೆ. ವೇಲ್ಸಿನ ಕಾರ್ಡಿಫ್ ನಗರದ ಸ್ಪಿಲ್ಲರ್ಸ್ ಎಂಬ ಅಂಗಡಿ 1894ರಲ್ಲಿ ಆರಂಭವಾಗಿ, ಲೋಕದಲ್ಲಿ ಅತ್ಯಂತ ಹಳೆಯ ತಟ್ಟೆಯಂಗಡಿಯೆಂಬ ಕೀರ್ತಿಯನ್ನು ಪಡೆದಿದೆ. 2008ರಿಂದ ಪ್ರತಿವರ್ಷ ಏಪ್ರಿಲಿನಲ್ಲಿ ಸ್ವತಂತ್ರ ಅಂಗಡಿಗಳವರು ಒಂದು ದಿನವನ್ನು ಹಬ್ಬದಂತೆ ಆಚರಿಸುತ್ತಾರೆ. 2022ರಲ್ಲಿ ಅಮೆರಿಕದಲ್ಲಿ ಎಲ್.ಪಿ. ತಟ್ಟೆಗಳ ಮಾರಾಟದ ಸಂಖ್ಯೆ 1987ರ ತರುವಾಯ ಮೊದಲ ಬಾರಿಗೆ ಸಿ.ಡಿ.ಗಳನ್ನು ಮೀರಿತು. ಇದನ್ನು ಪುನರುಜ್ಜೀವನವೆಂದು ಹೊಗಳುವವರೊಡನೆ ನಾವು ಪೂರ್ತಿಯಾಗಿ ಸಹಮತರಲ್ಲ. ಅಲ್ಲಿ ಹೆಚ್ಚಾಗಿ ಮಾರಾಟವಾಗುತ್ತಿರುವುದು ಹೊಸದಾಗಿ ಒತ್ತಿದ ತಟ್ಟೆಗಳು. ನಮ್ಮ ಚಿಂತೆ ಇನ್ನೊಮ್ಮೆ ಒತ್ತಲಾಗದ ಹಳೆಯ ಅರಗಿನ ತಟ್ಟೆಗಳದು.

ಅವು ಸಿಕ್ಕುವ ಸ್ಥಳ ಬೆಂಗಳೂರಿನ ಹಳೆಯ ಪೇಟೆ. ಚಿಕ್ಕಪೇಟೆ, ಅವೆನ್ಯೂ ರಸ್ತೆಗಳ ಆಸುಪಾಸಿನಲ್ಲಿ ಭಾನುವಾರ ನೆರೆಯುವ ಹಳೆಯ ಸಾಮಾನಿನ ಸಂತೆ ಎಲ್ಲರಿಗೂ ತಿಳಿದುದೇ. ಅದರ ಹತ್ತಿರದ ಒಂದು ಓಣಿಯಲ್ಲಿ, ಇಬ್ಬರು ನಿಂತರೆ ಮೂರನೆಯವರಿಗೆ ಎಡೆಯಿಲ್ಲದಂಥ ಒಂದು ಅಂಗಡಿಗೆ ನಾವು ಹೋದೆವು. ಒಡೆಯರ ಹೆಸರನ್ನು ಹೇಳುವುದು ಇಲ್ಲಿ ಅನಾವಶ್ಯಕ. ನೆಲದಿಂದ ಮಾಡಿನವರೆಗೆ ತಟ್ಟೆಗಳು, ಎಲ್.ಪಿ.ಗಳು ಕಣ್ಣಿಗೆ ಕಾಣುವಂತೆ ಮುಂದೆ, ಅರಗಿನ ತಟ್ಟೆಗಳು ಹಿಂದಿನ ಸಾಲಿನಲ್ಲಿ ಅಂಚು ಮೇಲಾಗಿ ನಿಂತಿದ್ದುವು. ನಾವು ಒಂದೊಂದನ್ನೂ ತೆಗೆದು ಬೆಳಕಿಗೆ ಹಿಡಿದು ಅಂಕಿಗಳನ್ನು ಬರೆದುಕೊಳ್ಳುತ್ತಿರುವುದನ್ನು ಬಹಳ ಹೊತ್ತು ನೋಡಿ ಅವರು, “ಮೇಷ್ಟ್ರೇ, ನೀವು ಹಾಡು ಕೇಳೋಕೆ ಬಂದಿದೀರೋ, ಬರೀ ಚೀಟಿ ಓದೋಕೆ ಬಂದಿದೀರೋ?” ಎಂದರು. ಎರಡಕ್ಕೂ ಎಂದೆವು. ಅವರಿಗೆ ಅದು ಹೊಸದೆನಿಸಿರಬೇಕು. ಕುಳಿತುಕೊಳ್ಳಲು ಮಣೆ ಕೊಟ್ಟರು.

ತಟ್ಟೆಯ ನಡುವಣ ಚೀಟಿಯಲ್ಲಿ ಏನಿರುತ್ತದೆಂಬುದನ್ನು ವಿದ್ಯಾರ್ಥಿಗಳಿಗಾಗಿ ವಿವರಿಸಬೇಕು. ಕಂಪನಿಯ ಚಿಹ್ನೆ, ಹಾಡಿದವರ ಹೆಸರು, ರಾಗ, ತಾಳ, ನಾಟಕದ ಅಥವಾ ಚಿತ್ರದ ಹೆಸರು, ಭಾಷೆ. ಕನ್ನಡವು ಇಲ್ಲಿ ಹಲವು ವೇಳೆ ‘ಕೆನರೀಸ್’ ಎಂಬ ಇಂಗ್ಲಿಷಿನವರ ಮಾತಿನಲ್ಲಿ ಕಾಣಿಸಿಕೊಳ್ಳುತ್ತದೆ. ಅದರ ಕೆಳಗೆ ತಟ್ಟೆಯ ಸಂಖ್ಯೆ. ಎಚ್.ಎಂ.ವಿ. ತಟ್ಟೆಗಳಲ್ಲಿ ಸಂಖ್ಯೆಗೆ ಮೊದಲು ‘ಎನ್’ ಅಕ್ಷರವೂ ಕೊಲಂಬಿಯದಲ್ಲಿ ‘ಜಿ.ಇ.’ ಅಕ್ಷರಗಳೂ ಸಾಮಾನ್ಯ. ಚೀಟಿಯ ಹೊರಗೆ, ಗೀರುಗಳು ಮುಗಿದ ಜಾಗದಲ್ಲಿ, ಅಚ್ಚಿನ ಸಂಖ್ಯೆಯನ್ನು ಕೊರೆ‌ದಿರುತ್ತಾರೆ. ಮುದ್ರಣದ ಕಾಲವನ್ನು ನಿರ್ಣಯಿಸಲು ಇದೇ ಮುಖ್ಯ ಸಾಧನ. ಮೈಕೇಲ್ ಕಿನ್ನಿಯರ್ ಎಂಬ ವಿದ್ವಾಂಸರು ಗ್ರಾಮಫೋನ್ ಕಂಪನಿಯು 1899ರಿಂದ 1908ರವರೆಗೆ ಮುದ್ರಿಸಿದ ಭಾರತೀಯ ತಟ್ಟೆಗಳ ಸೂಚಿಯನ್ನು ಇಂಥ ಸಂಖ್ಯೆಗಳ ಬಲದಿಂದಲೇ ಕಟ್ಟಿ 1994ರಲ್ಲಿ ಪ್ರಕಟಿಸಿದರು. ಲಕೋಟೆಯ ಮೇಲೆ ಮೊದಲು ಹೇಳಿದ ಅಂಗಡಿಯ ಮುದ್ರೆ. ಅದರ ಪಕ್ಕದಲ್ಲಿ ಕೆಲವು ವೇಳೆ ಕೊಂಡವರ ಹೆಸರು, ಕೊಂಡ ದಿನ, ಮದುವೆಯ ಉಡುಗೊರೆಯಾಗಿದ್ದರೆ ಕೊಟ್ಟವರ ಹೆಸರು.

ಈ ಚೀಟಿಯ ಬೆಲೆಯನ್ನು ಒಂದು ನಿದರ್ಶನದಿಂದ ತೋರಿಸಬಹುದು. ಗಂಗೂಬಾಯಿ ಹಾನಗಲ್ಲರು (1913-2009) ಮೂವತ್ತರ ದಶಕದಲ್ಲಿ ಎಚ್.ಎಂ.ವಿ.ಗೆ ಹಾಡಿದ ಮೊದಲ ತಟ್ಟೆಗಳಲ್ಲಿ ಅವರ ಹೆಸರು ‘ಗಾಂಧಾರಿ’ ಎಂದಿದ್ದಿತು. ಆಗಿನ ಅವರ ಧ್ವನಿಯೂ ನಾವು ಬಲ್ಲ ಗಂಭೀರವಾದ ಧ್ವನಿಯಲ್ಲ, ಎಳೆಯದು, ತೆಳುವಾದುದು. ಮುಂದೆ ಗಂಟಲಿನ ಚಿಕಿತ್ಸೆಯಾದ ತರುವಾಯ ಧ್ವನಿ ತಗ್ಗಿ ಗಡುಸಾಯಿತು. ಈ ತಟ್ಟೆಯ ಹಾಡನ್ನು ಕಡತವಾಗಿ ಮಾರ್ಪಡಿಸಿ, ‘ಗಂಗೂಬಾಯಿ ಹಾನಗಲ್’ ಎಂದು ಹೆಸರಿಟ್ಟು ಅಂತರಜಾಲದಲ್ಲಿ ಹಾಕಿದವನು ಕೇಳುಗರಿಗೆ ಉಪಕಾರವನ್ನೇ ಮಾಡುತ್ತಾನೆ. ಆದರೆ ಆ ಕ್ಷಣದಲ್ಲಿ ‘ಗಾಂಧಾರಿ’ ಮರೆಯಾಗುತ್ತಾಳೆ. ಹಾಡುವ ಹೆಂಗಸರಿಗೆ ಕಂಪನಿಗಳು ಹೆಸರು ಕೊಡುತ್ತಿದ್ದ ಕ್ರಮ, ಆ ಹೆಸರಿನಲ್ಲಿ ಊರು, ಮನೆತನಗಳನ್ನು ತೋರಿಸುತ್ತಿದ್ದ ಅಥವಾ ಮರೆಸುತ್ತಿದ್ದ ಬಗೆ ಇವೆಲ್ಲ ಸಮಾಜದ ಚರಿತ್ರೆಗೆ ಸೇರಿದುವು. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರ ವಿಷಯದಲ್ಲಿಯೂ ಇದೇ ಪ್ರಶ್ನೆಯನ್ನು ಕೇಳಬಹುದು. ಧ್ವನಿ ಮಾತ್ರ ಉಳಿದು ಚೀಟಿ ಹೋದರೆ ಶಾಸನದ ಪಾಠವನ್ನು ನಕಲು ಮಾಡಿ ಕಲ್ಲನ್ನು ಕಟ್ಟಡಕ್ಕೆ ಬಳಸಿದಂತಾಗುತ್ತದೆ.

ಅಂಗಡಿಯವರ ತಿಳಿವಳಿಕೆ ನಮ್ಮನ್ನು ಬೆರಗುಗೊಳಿಸಿತು. ಚೀಟಿಯ ಬಣ್ಣವನ್ನು ದೂರದಿಂದಲೇ ನೋಡಿ ಯಾವ ಕಾಲದ ಒತ್ತೆಂದು ಹೇಳುತ್ತಿದ್ದರು. ತಟ್ಟೆಯನ್ನು ಬೆರಳಿನ ಗಣ್ಣಿನಿಂದ ಮೆಲ್ಲಗೆ ತಟ್ಟಿ, ಶಬ್ದದಿಂದಲೇ ಬಿರುಕಿದೆಯೆಂದು ಗುರುತಿಸುತ್ತಿದ್ದರು. ಕುಂಬಾರನ ಅಂಗಡಿಯಲ್ಲಿ ಮಡಕೆಯನ್ನು ತಟ್ಟಿ ನೋಡುವಂತೆ. ಇದಾವುದೂ ಬರೆಹದಲ್ಲಿಲ್ಲ. ಅವರ ಮಕ್ಕಳು ಈ ವೃತ್ತಿಗೆ ಬಂದಿಲ್ಲ. ಕನ್ನಡ ನಾಟಕದ ತಟ್ಟೆಗಳನ್ನು ಕೇಳಿಕೊಂಡು ಯಾರು ಬರುತ್ತಾರೆಂದು ನಾವು ವಿಚಾರಿಸಿದಾಗ ಅವರು, “ಹಿಂದಿ ಎಲ್.ಪಿ.ಗೆ ಹುಡುಗರು ಬರ್ತಾರೆ ಸಾರ್. ಈ ಕರೀ ಪ್ಲೇಟು ತೊಗೊಳ್ಳೋರು ಹೋಟೆಲಿನವರು, ಗೋಡೆಗೆ ಹೊಡೆಯೋಕೆ” ಎಂದರು. ಮೇಲೆ ಚಿತ್ರ ಬರೆದು ಅಲಂಕಾರಕ್ಕೆ ತೂಗುಹಾಕುತ್ತಾರಂತೆ. ನಡುವೆ ಮುಳ್ಳುಗಳನ್ನು ಇಟ್ಟು ಗಡಿಯಾರ ಮಾಡುತ್ತಾರಂತೆ. ಆ ತಟ್ಟೆಯಲ್ಲಿ ಏನಿದ್ದಿತೆಂದು ಕೇಳಿ ನೋಡಿದ ಮೇಲೆ ಹಾಗೆ ಮಾಡಿದರೂ ಸ್ವಲ್ಪ ಸಮಾಧಾನವಿರುತ್ತಿದ್ದಿತು. ಕನ್ನಡದ ಮೊದಲ ವಾಕ್ಚಿತ್ರವಾದ ಸತಿ ಸುಲೋಚನ (1934)ದ ಪ್ರತಿಯೇ ಇಂದು ಉಳಿದಿಲ್ಲ. ಅಂಥ ನಾಡಿನಲ್ಲಿ ಗೋಡೆಯ ಮೇಲಿನ ಗಡಿಯಾರವೊಂದರಲ್ಲಿ ಯಾವ ನಾಟಕದ ಯಾವ ನಟನ ಧ್ವನಿ ಸಿಕ್ಕಿಕೊಂಡಿದೆಯೋ ಹೇಳಬಲ್ಲವರಾರು?

ಯಂತ್ರದ ನೆರವಿನಿಂದ ನಡೆದಿರುವ ಸಂಗ್ರಹದ ಕೆಲಸವನ್ನು ನಾವು ಅಲ್ಲಗಳೆಯುವುದಿಲ್ಲ. ಗೌಹರ್ ಜಾನಳ ಚರಿತ್ರೆಯನ್ನು ಬರೆದ ವಿಕ್ರಮ್ ಸಂಪತ್ ಅವರು 2011ರಲ್ಲಿ ಸ್ಥಾಪಿಸಿದ ಭಾರತೀಯ ಸಂಗೀತದ ದಾಖಲೆಭಂಡಾರ ಸಾವಿರಾರು ತಟ್ಟೆಗಳ ಹಾಡನ್ನು ಕಡತಗಳಾಗಿಸಿ ಕೇಳುವವರಿಗೆ ಒದಗಿಸಿತು. ಕಾನೂನಿನ ಅಡ್ಡಿಯೂ ಹಳೆಯ ತಟ್ಟೆಗಳಿಗೆ ಹೆಚ್ಚಾಗಿಲ್ಲ. 1957ರ ಕೃತಿಸ್ವಾಮ್ಯದ ಕಾಯಿದೆಯ ಪ್ರಕಾರ ಧ್ವನಿಮುದ್ರಿಕೆಯ ಸ್ವಾಮ್ಯ ಪ್ರಕಟವಾದ ವರ್ಷದ ಮುಂದಿನ ವರ್ಷದಿಂದ ಅರುವತ್ತು ವರ್ಷ. ಆದುದರಿಂದ 1964ಕ್ಕೆ ಹಿಂದೆ ಹೊರಬಂದ ತಟ್ಟೆಗಳ ಮುದ್ರಣಸ್ವಾಮ್ಯ ತೀರಿದೆ; ಸಾಹಿತ್ಯವನ್ನು ಬರೆದವರ, ರಾಗ ಹಾಕಿದವರ ಹಕ್ಕು ಬೇರೆ, ಅದನ್ನು ಪ್ರತ್ಯೇಕವಾಗಿ ವಿಚಾರಿಸಿಕೊಳ್ಳಬೇಕು. ಕಾಲೇಜುಗಳ ಇತಿಹಾಸ ವಿಭಾಗಗಳು ಇಂಥ ತಟ್ಟೆಗಳ ಪಟ್ಟಿಯನ್ನು ಮಾಡಲು ಹಣಕ್ಕಾಗಿ ಕಾಯಬೇಕಾದುದಿಲ್ಲ. ಒಂದು ನೋಟುಪುಸ್ತಕ, ಚೀಟಿಯ ಎರಡು ಮುಖಗಳ ಚಿತ್ರ, ಲಕೋಟೆಯ ಚಿತ್ರ, ಅಚ್ಚಿನ ಸಂಖ್ಯೆ, ಮನೆಯವರು ಹೇಳುವ ನಾಲ್ಕು ಮಾತು. ಸಂಸೆ, ಕಳಸ, ಹೊರನಾಡುಗಳ ಕಡೆಯಿಂದ ಓದಲು ಬರುವ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಅಟ್ಟವನ್ನು ಹತ್ತಿ ನೋಡಿದರೆ ಸಾಕು. ಮುದ್ರೆಗಳಲ್ಲಿ ಮಂಗಳೂರು ಎಷ್ಟು, ಚಿಕ್ಕಮಗಳೂರು ಎಷ್ಟು, ಕಾರ್ಕಳ ಎಂದಿನಿಂದ ಎಂದು ಎಣಿಸತೊಡಗಿದರೆ ಮೇಲೆ ಎತ್ತಿದ ಪ್ರಶ್ನೆಗೆ ಉತ್ತರ ತಾನಾಗಿ ಮೂಡುತ್ತದೆ.

ಹಾಗೆ ಹತ್ತುವವರಿಗೆ ಆ ಅಂಗಡಿಯವರು ಕಲಿಸಿದ ಒಂದೆರಡು ಎಚ್ಚರಿಕೆಗಳನ್ನು ತಿಳಿಸುತ್ತೇವೆ. ಮಲೆನಾಡಿನ ಮಳೆಗಾಲದಲ್ಲಿ ಲಕೋಟೆಗೆ ಬೂಷ್ಟು ಹಿಡಿದು ಅದು ತಟ್ಟೆಗೂ ಹಬ್ಬುತ್ತದೆ. ಅದನ್ನು ಕಂಡು ಹುಡುಗರು ಸ್ಪಿರಿಟ್ಟಿನಿಂದ ಒರಸಹೋಗಬಾರದು. ಅರಗು ಅದರಲ್ಲಿ ಕರಗುತ್ತದೆ, ಗೀರುಗಳು ಅಳಿಸಿಹೋಗುತ್ತವೆ. ಮೆತ್ತನೆಯ ಒಣ ಕುಂಚ ಸಾಕು. ಒಂದರ ಮೇಲೊಂದು ಪೇರಿಸಿಡಬಾರದು, ಅಂಚಿನ ಮೇಲೆ ನಿಲ್ಲಿಸಬೇಕು. ಎಲ್.ಪಿ.ಯ ಮುಳ್ಳಿನಿಂದ ಅರಗಿನ ತಟ್ಟೆಯನ್ನು ಹಾಡಿಸಬಾರದು. ಇದರ ಗೀರು ಅಗಲವಾದುದು, ಮುಳ್ಳಿನ ತುದಿ ಅಂಗುಲದ ಸಾವಿರದಲ್ಲಿ ಮೂರು ಭಾಗದಷ್ಟು ಇರಬೇಕು. ಬಿರುಕು ಬಿಟ್ಟ ತಟ್ಟೆಯನ್ನಾಗಲಿ, ಹರಿದ ಲಕೋಟೆಯನ್ನಾಗಲಿ ಎಸೆಯಬಾರದು. ಬಿರುಕಿದ ತಟ್ಟೆಯಲ್ಲಿಯೂ ಚೀಟಿಯನ್ನು ಓದಬಹುದು.